ಅಟ್ಟದ ಕಾಯಿ, ಮುಂದಿನ ವರ್ಷದ ಬೆಲೆ

ಕಾಯಿ ಅಟ್ಟಕ್ಕೆ ಹಾಕಿದ ದಿನ ತಿಪಟೂರಿನ ರೈತನಿಗೆ ಬೆಲೆ ಗೊತ್ತಿರುವುದಿಲ್ಲ. ಸಿಪ್ಪೆಸಮೇತ ಇಟ್ಟ ಕಾಯಿಯ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. 2023ರಲ್ಲಿ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. 2025ರಲ್ಲಿ 20,000 ದಾಟಿತು. ಇಂಥ ಏರಿಳಿತಕ್ಕೆ ಪೇಟೆ ಕಂಡುಕೊಂಡ ಉಪಾಯ ವಾಯಿದಾ ವ್ಯಾಪಾರ: ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಕಟ್ಟುವುದು. ಕೊಚ್ಚಿಯಲ್ಲಿ ತೆಂಗಿನೆಣ್ಣೆಗೂ ಇದು ನಡೆದಿತ್ತು.

ಧರ್ಮಕ್ಕೆ ಅಂಜಿ ನಡೆಯುವ ಮುಸ್ಲಿಂ ವರ್ತಕ ಇದಕ್ಕೆ ಕೈಹಾಕಬಹುದೇ?

ಈ ಪ್ರಶ್ನೆಯ ಬೇರು ಮದೀನಾದ ಖರ್ಜೂರದ ತೋಟಗಳಲ್ಲಿದೆ. ಅಲ್ಲಿನವರು ಎರಡು ಮೂರು ವರ್ಷದ ಫಸಲಿಗೆ ಮುಂಗಡ ಹಣ ಪಡೆಯುತ್ತಿದ್ದರು. ಪ್ರವಾದಿಯವರು ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ, ಗಡುವು ಸ್ಪಷ್ಟವಾಗಿರಲಿ ಎಂದರು. ಹೀಗೆ ಹಣ ಮೊದಲು ಕೊಟ್ಟು ಸರಕನ್ನು ಮುಂದೆ ಪಡೆಯುವ ಒಪ್ಪಂದವೇ ಸಲಂ. ಬಹುಪಾಲು ನ್ಯಾಯಶಾಸ್ತ್ರಜ್ಞರ ಪ್ರಕಾರ ಇದರಲ್ಲಿ ಪೂರ್ತಿ ಹಣ ಮೊದಲೇ ಕೈಸೇರಬೇಕು. ಇಂಥವರ ತೋಟದ್ದೇ ಕಾಯಿ ಎಂದು ಕಟ್ಟು ಹಾಕುವಂತಿಲ್ಲ. ಇಂಥ ದರ್ಜೆಯದು, ಇಷ್ಟು ಕ್ವಿಂಟಲ್ ಎನ್ನಬೇಕು. ಆ ತೋಟ ಒಣಗಿದರೆ ಕೊಡುವುದೇನನ್ನು?

ಮರದ ಮೇಲಿನ ಫಲಕ್ಕೆ ಬೇರೆಯೇ ಕಟ್ಟಳೆ: ಹಣ್ಣಾಗುವ ಲಕ್ಷಣ ಕಾಣುವ ಮುನ್ನ ಮಾರಬಾರದು. ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ತೋಟವನ್ನು ಚೇಣಿಗೆ ಕೊಡುವವರಿಗೂ ಹಿಡಿಯುವವರಿಗೂ ಇದು ನೇರವಾಗಿ ತಟ್ಟುವ ಮಾತು. ತೆಂಗಿನದು ಇನ್ನೂ ತೊಡಕು. ಒಂದೇ ಮರದಲ್ಲಿ ಹೊಂಬಾಳೆಯಿಂದ ಬಲಿತ ಕಾಯಿಯವರೆಗೆ ಎಲ್ಲ ವಯಸ್ಸಿನ ಗೊನೆಗಳಿರುತ್ತವೆ. ಕಲ್ಲಂಗಡಿಯಂತೆ ಒಂದರ ಹಿಂದೊಂದು ಬಲಿಯುವ ಬೆಳೆಗೆ ಇಮಾಂ ಮಾಲಿಕ್ ಸಡಿಲಿಕೆ ಕೊಟ್ಟಿದ್ದರು, ಇತರರಲ್ಲಿ ಹೆಚ್ಚಿನವರು ಒಪ್ಪಲಿಲ್ಲ.

ವಾಯಿದಾ ವ್ಯಾಪಾರದ ಬಗ್ಗೆ ತೀರ್ಮಾನ ಬಂದದ್ದು 1992ರ ಮೇ ತಿಂಗಳಲ್ಲಿ, ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಏಳನೇ ಅಧಿವೇಶನದಲ್ಲಿ: ಸಮ್ಮತವಲ್ಲ. ಕಾರಣ, ಅದರಲ್ಲಿ ಹಣವೂ ಮುಂದಕ್ಕೆ, ಸರಕೂ ಮುಂದಕ್ಕೆ. ಹೆಚ್ಚಿನ ಒಪ್ಪಂದಗಳು ಸರಕು ಕೈ ಬದಲಾಯಿಸದೆ ಬರೀ ಬೆಲೆಯ ವ್ಯತ್ಯಾಸದಲ್ಲೇ ಚುಕ್ತಾ ಆಗುತ್ತವೆ. ವಿದ್ವಾಂಸ ಮೊಹಮ್ಮದ್ ಹಾಶಿಂ ಕಮಾಲಿ ಇದನ್ನು ಒಪ್ಪಲಿಲ್ಲ. ಸರಕು ಕೊಡಲಾಗದೆ ಹೋಗುವ ಭಯದಿಂದ ಹುಟ್ಟಿದ ನಿಷೇಧ ಇದು. ವಿನಿಮಯ ಕೇಂದ್ರವೇ ಹೊಣೆ ನಿಂತಾಗ ಆ ಭಯವೆಲ್ಲಿ ಎಂದು ಅವರ ವಾದ. ಮಲೇಷ್ಯಾದ ಶರಿಯಾ ಸಲಹಾ ಮಂಡಳಿ ತಾಳೆ ಎಣ್ಣೆಯ ವಾಯಿದಾ ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟಿತು.

ಕಮಾಲಿಯವರ ವಾದ ಗಟ್ಟಿಯಾದುದೇ. ಆದರೂ ನಮ್ಮ ಸೀಮೆಗೆ ಸಲಂ ಹೆಚ್ಚು ಒಗ್ಗುತ್ತದೆಂದು ನನ್ನ ನಂಬಿಕೆ. ಬೆಲೆ ಗೊತ್ತಾದರೆ ಸಾಲದು, ಕಾಯಿ ಒಣಗುವ ಆ ವರ್ಷ ಮನೆ ನಡೆಸಲು ರೈತನಿಗೆ ಹಣ ಬೇಕು. ಅದು ಸಲಂನಲ್ಲಿ ಮೊದಲೇ ಕೈಗೆ ಬರುತ್ತದೆ. ಕೊಳ್ಳುವವನಿಗೂ ಮಿತಿಯಿದೆ: ಗಡುವಿಗೆ ಸರಕು ಸಿಗದಿದ್ದರೆ ಕಾಯಬೇಕು, ಇಲ್ಲವೇ ಕೊಟ್ಟಷ್ಟೇ ಹಣ ವಾಪಸು ಪಡೆಯಬೇಕು. ಮೇಲೊಂದು ರೂಪಾಯಿ ಬಡ್ಡಿ ಕೇಳುವಂತಿಲ್ಲ.