ಪರದೆಯ ಮೇಲಿನ ಹುಸಿ ಎಚ್ಚರಿಕೆ

2021ರ ಜೂನ್ ತಿಂಗಳಲ್ಲಿ, ಸುಳ್ಯ ತಾಲೂಕಿನ ಗುತ್ತಿಗಾರು ಬಳಿಯ ಬಳ್ಳಕದಲ್ಲಿ, ಮಳೆಯ ನಡುವೆ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಛಾಯಾಚಿತ್ರವೊಂದನ್ನು ನಾಡೆಲ್ಲ ನೋಡಿತು. ಇಂಟರ್‌ನೆಟ್ಟಿಗಾಗಿ ಅಷ್ಟು ಪರಿತಪಿಸಿದ ಈ ಸೀಮೆಯಲ್ಲಿ, ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅನೇಕ ತೋಟದ ಮನೆಗಳಿಗೆ ಈಗ ಫೈಬರ್ ತಂತಿ ತಲುಪಿದೆ. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ಕೊಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಅಡಿಕೆಯ ಧಾರಣೆ ನೋಡುವ, ಪಹಣಿ ತೆಗೆಯುವ, ಮೊಮ್ಮಕ್ಕಳ ಮುಖ ಕಂಡು ಸಂತೋಷಪಡುವ ಹಿರಿಯರು ಇಲ್ಲಿ ಬಹುಮಂದಿ ಇದ್ದಾರೆ. ನಾನು ಹೇಳಹೊರಟಿರುವ ವಂಚನೆ ಕಾದಿರುವುದು ಮುಖ್ಯವಾಗಿ ಅಂಥವರಿಗಾಗಿ, ಮನೆಯಲ್ಲಿ ಕೇಳಲು ಮತ್ತೊಬ್ಬರಿಲ್ಲದ ಹೊತ್ತಿಗಾಗಿ.

ಹಳೆಯ ಹಾಡೊಂದನ್ನು ಹುಡುಕುತ್ತಿರುವಾಗ, ಅಥವಾ ಜಾಲತಾಣದ ವಿಳಾಸದಲ್ಲಿ ಒಂದಕ್ಷರ ತಪ್ಪಿದಾಗ, ಇಲ್ಲವೆ ಅರಿಯದೆ ಜಾಹೀರಾತೊಂದನ್ನು ಒತ್ತಿದಾಗ, ಪರದೆಯೆಲ್ಲ ಹಠಾತ್ತನೆ ನೀಲಿಯೋ ಕೆಂಪೋ ಆಗಿ, ಮೈಕ್ರೋಸಾಫ್ಟ್ ಸಂಸ್ಥೆಯ ಚಿಹ್ನೆ ಮೂಡಿ, ಕರ್ಕಶವಾದ ಬೀಪ್ ಶಬ್ದದೊಡನೆ ಯಾಂತ್ರಿಕ ಧ್ವನಿಯೊಂದು, ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಬ್ಯಾಂಕಿನ ವಿವರಗಳು ಕಳವಾಗುತ್ತಿವೆ, ಯಂತ್ರವನ್ನು ಆರಿಸಬೇಡಿ, ಈ ನಂಬರಿಗೆ ಕೂಡಲೆ ಕರೆಮಾಡಿ ಎಂದು ಇಂಗ್ಲಿಷಿನಲ್ಲಿ ಸಾರತೊಡಗುತ್ತದೆ. ಪುಟವನ್ನು ಮುಚ್ಚುವ ಗುರುತು ಎಲ್ಲಿಯೂ ಕಾಣದು. ಮೌಸಿನ ಬಾಣವೂ ಕೆಲವೊಮ್ಮೆ ಅದೃಶ್ಯವಾಗಿರುತ್ತದೆ. ಇಂಗ್ಲಿಷಿನ ಪರಿಚಯ ಅಷ್ಟಕ್ಕಷ್ಟೆ ಇರುವವರಿಗೆ ಅರ್ಥಕ್ಕಿಂತ ಮೊದಲು ಭಯವೇ ತಟ್ಟುವುದು ಸಹಜ.

ಇಲ್ಲಿ ಸರ್ವಪ್ರಥಮವಾಗಿ ಮನಗಾಣತಕ್ಕ ವಿಷಯವೆಂದರೆ, ಆ ಪುಟಕ್ಕೆ ಸ್ವತಃ ಯಾವ ಶಕ್ತಿಯೂ ಇಲ್ಲ. ಅದು ಬ್ರೌಸರಿನಲ್ಲಿ ತೆರೆದುಕೊಂಡ ಒಂದು ಸಾಮಾನ್ಯ ಜಾಲಪುಟ. ವೀಡಿಯೊ ನೋಡುವಾಗ ಚಿತ್ರ ಪರದೆಯ ತುಂಬ ಹರಡಿ ಮೇಲಿನ ವಿಳಾಸಪಟ್ಟಿಯನ್ನು ಮರೆಮಾಡುತ್ತದಷ್ಟೆ. ಅದೇ ಸೌಕರ್ಯವನ್ನು ಇದು ದುರುಪಯೋಗಪಡಿಸಿಕೊಂಡಿದೆ. ಕೇಳುತ್ತಿರುವುದು ಮೊದಲೇ ಧ್ವನಿಮುದ್ರಿಸಿಟ್ಟ ಶಬ್ದ. ಜಾಲಪುಟವೊಂದು ನಿಮ್ಮ ಕಂಪ್ಯೂಟರಿನ ಒಳಹೊಕ್ಕು ಅಲ್ಲಿರುವುದನ್ನೆಲ್ಲ ಶೋಧಿಸಿ ವೈರಸ್ಸನ್ನು ಕಂಡುಹಿಡಿಯಲಾರದು. ಈ ಆಡಂಬರವೆಲ್ಲ ಏರ್ಪಟ್ಟಿರುವುದು ನೀವಾಗಿ ಫೋನ್ ಎತ್ತಬೇಕೆಂಬ ಒಂದೇ ಉದ್ದೇಶಕ್ಕೆ. ತನ್ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರು ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ತಿಳಿಸಿದೆ; ಆದುದರಿಂದ ನಂಬರು ಕಂಡಿತೆಂದರೆ ವಂಚನೆಯೆಂದು ನಿಶ್ಚಯಿಸಲು ಬೇರೆ ಪರೀಕ್ಷೆ ಬೇಕಿಲ್ಲ.

ಕರೆ ಮಾಡಿದರೆ ಸಿಗುವಾತ ಬಹಳ ವಿನಯದಿಂದ ಮಾತನಾಡುತ್ತಾನೆ. ಎನಿಡೆಸ್ಕ್, ಟೀಮ್‌ವ್ಯೂಯರ್ ಮೊದಲಾದ, ದೂರದಿಂದಲೇ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರನ್ನು ಹಾಕಿಸುತ್ತಾನೆ. ಇವು ತಮ್ಮಷ್ಟಕ್ಕೆ ಸಕ್ರಮವಾದ ಸಾಧನಗಳೇ; ಆದರೂ ವಂಚಕರ ಕೈಯಲ್ಲಿ ಅವುಗಳ ಬಳಕೆಯನ್ನು ಕಂಡು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಹೆಸರನ್ನೇ ಎತ್ತಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಅನಂತರ ಅವನು ವಿಂಡೋಸ್‌ನ ಈವೆಂಟ್ ವ್ಯೂಯರ್ ಎಂಬ ದಾಖಲೆಪಟ್ಟಿಯನ್ನು ತೆರೆದು, ಅಲ್ಲಿನ ಕೆಂಪು, ಹಳದಿ ಗುರುತುಗಳ ಉದ್ದನೆಯ ಪಟ್ಟಿಯನ್ನು ತೋರಿಸುತ್ತಾನೆ. ಆ ಗುರುತುಗಳು ನಿರೋಗಿಯಾದ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಇರುತ್ತವೆ. ಅಡಿಕೆಮರದಿಂದ ತಾನಾಗಿ ಕಳಚಿಬಿದ್ದ ಸೋಗೆಯನ್ನು ತೋರಿಸಿ, ತೋಟಕ್ಕೆಲ್ಲ ಹಳದಿ ಎಲೆ ರೋಗ ಹಿಡಿದಿದೆಯೆಂದು ಹೆದರಿಸುವ ಬಗೆ ಇದು. ರೋಗವನ್ನು ಹೀಗೆ ಸೃಷ್ಟಿಸಿಕೊಂಡ ಮೇಲೆ ಚಿಕಿತ್ಸೆಗೆ ಹಣ ಕೇಳುತ್ತಾನೆ, ಅಥವಾ ಪರದೆಯನ್ನು ಕಪ್ಪಾಗಿಸಿ ನೆಟ್ ಬ್ಯಾಂಕಿಂಗಿಗೆ ಕೈಹಾಕುತ್ತಾನೆ. ಕೆಲವರಂತೂ ಹಣ ಮರಳಿಸುವ ನೆವದಿಂದ ಯುಪಿಐ ಪಿನ್ ಒತ್ತಿಸುತ್ತಾರೆ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ.

ಈ ದಂಧೆಯ ಅನೇಕ ಕಚೇರಿಗಳು ನಮ್ಮ ದೇಶದಲ್ಲಿಯೇ ಇದ್ದುವೆಂಬುದು ಖೇದಕರವಾದ ಸತ್ಯ. ಮೈಕ್ರೋಸಾಫ್ಟ್ ನೀಡಿದ ದೂರಿನ ಮೇಲೆ 2018ರಲ್ಲಿ ದೆಹಲಿ, ಗುರುಗ್ರಾಮ, ನೊಯಿಡಾಗಳ 26 ಕಾಲ್ ಸೆಂಟರುಗಳ ಮೇಲೆ ಪೊಲೀಸರು ದಾಳಿ ನಡೆಸಿದರು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಲ್ಲಿ 76 ಸ್ಥಳಗಳನ್ನು ಶೋಧಿಸಿತು. ಅಮೆರಿಕದ ಮುದುಕರಷ್ಟೇ ಇವರಿಗೆ ಬಲಿಯೆಂದು ತಿಳಿಯಬಾರದು. 2021ರ ಮೈಕ್ರೋಸಾಫ್ಟ್ ಸಮೀಕ್ಷೆಯಲ್ಲಿ ಭಾರತೀಯರ ಪೈಕಿ ನೂರಕ್ಕೆ 69 ಮಂದಿ ಇಂಥ ವಂಚನೆಯನ್ನು ಎದುರಿಸಿದುದಾಗಿಯೂ, 31 ಮಂದಿ ಹಣ ಕಳೆದುಕೊಂಡುದಾಗಿಯೂ ಹೇಳಿದರು.

ಪುಟ ಕಂಡಾಗ ಮಾಡಬೇಕಾದುದು ಸ್ವಲ್ಪವೇ. ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿಹಿಡಿದರೆ ಪುಟ ಕುಗ್ಗಿ ಮುಚ್ಚುವ ಗುರುತು ಕಾಣಬಹುದು. ಇಲ್ಲವಾದರೆ ಆಲ್ಟ್ ಮತ್ತು ಎಫ್4 ಕೀಗಳನ್ನು ಒಟ್ಟಿಗೆ ಒತ್ತಬೇಕು. ಯಾವುದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಒತ್ತಿಹಿಡಿದು ಕಂಪ್ಯೂಟರನ್ನೇ ಆರಿಸಿಬಿಡಬಹುದು; ಆರಿಸಬೇಡಿ ಎಂಬ ಆಜ್ಞೆ ಯಂತ್ರದ್ದಲ್ಲ, ಕಳ್ಳನದು. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಲೇ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಬೇಕು. ಎಚ್ಚರಿಕೆಗಳು ಪರದೆಯ ಮೂಲೆಯಲ್ಲಿ ಪದೇ ಪದೇ ಇಣುಕುತ್ತಿದ್ದರೆ, ಹಿಂದೆಂದೋ ಯಾವುದೋ ತಾಣಕ್ಕೆ ನೋಟಿಫಿಕೇಶನ್ ಅನುಮತಿ ಕೊಟ್ಟಿರುವ ಸಂಭವವುಂಟು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದರೆ ನಿಲ್ಲುತ್ತವೆ.

ಕರೆ ಮಾಡಿ ಒಳಗೆ ಬಿಟ್ಟುಕೊಂಡದ್ದೇ ಆದರೆ, ಮೊದಲು ರೂಟರನ್ನು ಆರಿಸಿ ಸಂಪರ್ಕ ಕಡಿಯಬೇಕು. ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕು. ಪಾಸ್‌ವರ್ಡುಗಳನ್ನು ಬೇರೊಂದು ಉಪಕರಣದಿಂದ ಬದಲಾಯಿಸಬೇಕು. ಗುರುತಿನ ರಿಪೇರಿಯವರು ಪರಿಶೀಲಿಸಿ ಕೊಡುವ ತನಕ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಸಲ್ಲದು. ಮಕ್ಕಳು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ಹಿರಿಯರು ಎರಡು ಮೂರು ದಿನ ಬಾಯಿ ಬಿಡದಿರುವುದೇ ಇಲ್ಲಿನ ಅತ್ಯಂತ ದೊಡ್ಡ ನಷ್ಟವೆಂದು ನನ್ನ ಭಾವನೆ; ಗದರಿಸುವುದಿಲ್ಲವೆಂದು ಮಕ್ಕಳು ಮೊದಲೇ ಮಾತು ಕೊಟ್ಟಿರಬೇಕು. ಕಳುವಾದ ಹಣ ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ, ಬೇಗ ತಿಳಿದಷ್ಟೂ ಅದನ್ನು ನಡುವೆ ತಡೆಹಿಡಿಯುವ ಅವಕಾಶ ಹೆಚ್ಚು. ಅಲ್ಲದೆ, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕನ ಅಜಾಗ್ರತೆಯಿಂದಾದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಅವನದು, ತಿಳಿಸಿದ ಮೇಲೆ ಬ್ಯಾಂಕಿನದು. ವಂಚಕನ ನಂಬರು, ಹಣ ಹೋದ ಸಂದೇಶ, ಪರದೆಯ ಚಿತ್ರ ಇವನ್ನೆಲ್ಲ ಅಳಿಸದೆ ಇಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಬೇಕು. ಅದು ತೊಡಕೆನಿಸಿದವರು ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಡಬಹುದು.