ಮಹಾಧಮನಿಯ ಅಳತೆ ಮತ್ತು ಗಣಕದ ಕಡತ



ಉದರದ ಮಹಾಧಮನಿ ಉಬ್ಬಿದರೆ ಬಹುಮಟ್ಟಿಗೆ ನೋವಿರುವುದಿಲ್ಲ. ಒಡೆದರೆ ಬದುಕುವುದು ದುರ್ಲಭ. ವ್ಯಾಸವು 3 ಸೆಂಟಿಮೀಟರ್ ಮುಟ್ಟಿದಾಗಿನಿಂದ ಕಾಲಕಾಲಕ್ಕೆ ಅಲ್ಟ್ರಾಸೌಂಡ್‌ನಿಂದ ಅಳೆಯುತ್ತೇವೆ, ಪುರುಷರಲ್ಲಿ 5.5 ತಲುಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಆಲೋಚಿಸುತ್ತೇವೆ. ಆದ್ದರಿಂದ ಒಂದು ಅಳತೆಗಿಂತ ಅಳತೆಗಳ ಸರಣಿಯೇ ಮುಖ್ಯ.

ಅಮೆರಿಕದಲ್ಲಿ 2009ರ ಹೈಟೆಕ್ ಕಾಯಿದೆಯ ಪ್ರೋತ್ಸಾಹಧನದಿಂದ ಕಾಗದದ ಕಡತಗಳು ವೇಗವಾಗಿ ಗಣಕಕ್ಕೇರಿದವು. ಆದರೆ ವರದಿಯ ವಾಕ್ಯಗಳೊಳಗೆ ಹುದುಗಿದ ಅಂಕಿಯನ್ನು ಹಿಂದಿನದರೊಡನೆ ಹೋಲಿಸುವುದು ಸುಲಭವಲ್ಲ. ಅಳತೆಗೆ ಪ್ರತ್ಯೇಕ ಅಂಕಣವಿದ್ದರೆ ಗಣಕವು ಬೆಳವಣಿಗೆಯ ರೇಖೆ ಎಳೆದು, ತಪ್ಪಿದ ತಪಾಸಣೆಯನ್ನು ನೆನಪಿಸಬಲ್ಲದು. ರಕ್ತನಾಳ ತಜ್ಞರ ತಂತ್ರಾಂಶಗಳ ಒಲವು ಇತ್ತಲೇ. ‘ಫೈರ್’ ಎಂಬ ಮಾಹಿತಿ ವಿನಿಮಯದ ಮಾನಕವು ಆಸ್ಪತ್ರೆಗಳ ನಡುವಿನ ಗೋಡೆಯನ್ನು ತಗ್ಗಿಸುತ್ತಿದೆ.

ರೋಗಿಗೆ ವರದಿಗಳನ್ನು ವಿದ್ಯುನ್ಮಾನ ರೂಪದಲ್ಲಿ ವಿಳಂಬವಿಲ್ಲದೆ ಒದಗಿಸಬೇಕೆಂಬ ನಿಯಮ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಊರು ಬದಲಿಸುವಾಗ ಅಳತೆ, ದಿನಾಂಕಗಳ ಪ್ರತಿಯನ್ನು ಪಡೆದು ಜೊತೆಗೊಯ್ಯಿರೆಂದು ವಿನಂತಿ.