ಗೋಡೆಗೆ ವಿನೈಲ್: ಅಂಟಿಸೋ ಮುಂಚೆ ಕೀಳೋ ದಿನದ ಬಗ್ಗೆ ಯೋಚಿಸಿ

ಫೆಸ್ಟ್ ಹತ್ತಿರ ಬಂದರೆ ಸಾಕು, ಕಾಲೇಜಿನ ಗೋಡೆ, ಗಾಜು, ನೆಲ ಎಲ್ಲದರ ಮೇಲೂ ವಿನೈಲ್ ಚಿತ್ರಗಳು ಏಳುತ್ತವೆ. ಎರಡು ದಿನದ ಸಂಭ್ರಮ ಮುಗಿದ ಮೇಲೆ ಸ್ಟಿಕ್ಕರ್ ಜೊತೆ ಗೋಡೆಯ ಬಣ್ಣವೂ ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತೆ. ಇದು ಹಣೆಬರಹ ಅಲ್ಲ, ಮೆಟೀರಿಯಲ್ ಆಯ್ಕೆಯ ಪ್ರಶ್ನೆ.

ವಿನೈಲ್ ಅಂದರೆ ಪಿವಿಸಿ. ಅದು ಮೂಲತಃ ಗಡುಸು ಪ್ಲಾಸ್ಟಿಕ್. ಪ್ಲಾಸ್ಟಿಸೈಸರ್ ಬೆರೆಸಿದಾಗ ಮೆತ್ತಗಾಗುತ್ತದೆ. ಈ ದಾರಿಯನ್ನು 1926ರಲ್ಲಿ ಕಂಡುಕೊಂಡವರು ಅಮೆರಿಕದ ವಾಲ್ಡೊ ಸೆಮನ್. ಅಂಗಡಿಯಲ್ಲಿ ಸಿಗುವ ವಿನೈಲ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಬಿಸಿ ರೋಲರ್‌ಗಳ ನಡುವೆ ಚಪಾತಿಯಂತೆ ಲಟ್ಟಿಸಿದ್ದು ಕ್ಯಾಲೆಂಡರ್ಡ್. ಲಟ್ಟಿಸಿದ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುವಂತೆ ಇದೂ ಕಾಲಕ್ರಮೇಣ ಕುಗ್ಗುತ್ತೆ, ಅಂಚಲ್ಲಿ ಅಂಟು ಕಾಣುತ್ತೆ. ದೋಸೆ ಹುಯ್ದಂತೆ ದ್ರವರೂಪದಲ್ಲಿ ಹರಡಿ ಬೇಯಿಸಿದ್ದು ಕಾಸ್ಟ್. ದಪ್ಪ ಸುಮಾರು 50 ಮೈಕ್ರಾನ್, ಒಳಗೆ ಎಳೆತ ಕಮ್ಮಿ, ಉಬ್ಬುತಗ್ಗಿಗೂ ಹೊಂದಿಕೊಳ್ಳುತ್ತೆ. ಆದರೆ ಬೆಲೆ ಜಾಸ್ತಿ. ಸಮತಟ್ಟು ಗೋಡೆಗೆ, ಕೆಲವು ತಿಂಗಳಿಗೆ ಮಾತ್ರ ಅಂದರೆ ಕ್ಯಾಲೆಂಡರ್ಡ್ ಸಾಕು.

ಹಿಂದಿನ ಅಂಟು ಒತ್ತಡಕ್ಕೆ ಕೆಲಸ ಮಾಡುವಂಥದ್ದು. ಒತ್ತಿದಾಗ ಅದು ನಿಧಾನವಾಗಿ ಹರಿದು ಮೇಲ್ಮೈಯ ಸಣ್ಣ ಸಣ್ಣ ಕುಳಿಗಳಿಗೆ ಇಳಿಯುತ್ತದೆ. ಹಾಗಾಗಿ ಅಂಟಿಸಿದ ಗಂಟೆಗಿಂತ ಮರುದಿನ ಹಿಡಿತ ಬಿಗಿ. ಆದರೆ ಅಂಟು, ಬಣ್ಣ, ಪುಟ್ಟಿ, ಗಾರೆ ಎಲ್ಲ ಒಂದೇ ಸರಪಳಿ. ಕಿತ್ತಾಗ ಸರಪಳಿಯ ದುರ್ಬಲ ಕೊಂಡಿ ಬಿಡುತ್ತೆ, ಅದು ಬಹಳ ಸಲ ಬಣ್ಣವೇ ಆಗಿರುತ್ತೆ. ಹೊಸ ಬಣ್ಣ ಹೊಡೆದ ಗೋಡೆಯನ್ನು ಮೂರ್ನಾಲ್ಕು ವಾರ ಮುಟ್ಟಬೇಡಿ. ಒಳಗಿನ ತೇವ, ದ್ರಾವಕ ಹೊರಬರುವಾಗ ಗುಳ್ಳೆ ಏಳುತ್ತವೆ. ಸುಣ್ಣದ ಗೋಡೆ, ಶೀತ ಹಿಡಿದ ಗೋಡೆ ಬೇಡವೇ ಬೇಡ. ಪ್ರಿಂಟ್‌ಗೆ ಕೊಡೋ ಮುಂಚೆ ಒಂದು ತುಂಡು ವಿನೈಲ್ ಅಂಟಿಸಿ, ಒಂದು ದಿನ ಬಿಟ್ಟು ಕಿತ್ತು ನೋಡಿ. ಸುಲಭವಾಗಿ ತೆಗೆಯಬಹುದಾದ ಅಂಟಿನದ್ದೇ ಕೇಳಿ.

ಗಾಜಿನ ಮಾತು ಬೇರೆ. ಸೋಪುನೀರು ಸಿಂಪಡಿಸಿ ಫಿಲ್ಮ್ ತೇಲಿಸಿ, ಸರಿಯಾದ ಜಾಗಕ್ಕೆ ಜರುಗಿಸಿ, ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಬಹುದು. ತೂತುತೂತಿನ ಒನ್ ವೇ ವಿಷನ್ ಫಿಲ್ಮ್‌ನಲ್ಲಿ ಹೊರಮುಖಕ್ಕೆ ಚಿತ್ರ, ಒಳಮುಖಕ್ಕೆ ಕಪ್ಪು. ಹಗಲಲ್ಲಿ ಹೊರಗೆ ಬೆಳಕು ಹೆಚ್ಚು, ಹಾಗಾಗಿ ಹೊರಗಿನವರಿಗೆ ಚಿತ್ರವಷ್ಟೇ ಕಾಣುತ್ತೆ. ರಾತ್ರಿ ಒಳಗೆ ಲೈಟ್ ಹಾಕಿದರೆ ಆಟ ಉಲ್ಟಾ, ಒಳಗಿರೋರು ಹೊರಗಿನವರಿಗೆ ಕಾಣ್ತಾರೆ. ಹಾಸ್ಟೆಲ್ ಕಿಟಕಿಗೆ ಇದನ್ನು ಹಾಕಿ ನೆಮ್ಮದಿಯಾಗಿರಬೇಡಿ! ಇನ್ನು ಬಿಸಿಲು ಬೀಳುವ ಸಾಮಾನ್ಯ ಗಾಜಿಗೆ ಗಾಢ ಬಣ್ಣದ ಫಿಲ್ಮ್ ಹಚ್ಚಿದರೆ ನಡುಭಾಗ ಕಾದು ಹಿಗ್ಗುತ್ತೆ, ಫ್ರೇಮಿನೊಳಗಿನ ಅಂಚು ತಣ್ಣಗಿರುತ್ತೆ. ಆ ಸೆಳೆತಕ್ಕೆ ಗಾಜೇ ಬಿರುಕು ಬಿಡಬಹುದು.

ನೆಲದಲ್ಲಿ ಪ್ರಶ್ನೆ ಅಂದದ್ದಲ್ಲ, ಕಾಲಿನದು. ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಬರಿ ವಿನೈಲ್ ಮೇಲೆ ಜಾರುತ್ತೆ. ಮೇಲೆ ಜಾರದಂಥ ಒರಟು ಲ್ಯಾಮಿನೇಶನ್ ಇರಲೇಬೇಕು, ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಮೆಟ್ಟಿಲು, ರ‍್ಯಾಂಪ್ ಮೇಲೆ ಹಾಕಲೇಬೇಡಿ. ಹಾಗೆಯೇ ಎಕ್ಸಿಟ್ ಬೋರ್ಡ್, ಬೆಂಕಿ ಆರಿಸುವ ಸಿಲಿಂಡರ್ ಯಾವ ಚಿತ್ರದ ಕೆಳಗೂ ಮುಚ್ಚಿಹೋಗಬಾರದು.

ಕೀಳುವಾಗ ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ, ಹಿಂದಕ್ಕೆ ಮಡಚಿ, ನಿಧಾನವಾಗಿ ಎಳೆಯಿರಿ. ಕಿತ್ತದ್ದನ್ನು ಸುಡಬೇಡಿ, ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ. ಅಂಟು, ಇಂಕು ಮೆತ್ತಿದ ಫಿಲ್ಮನ್ನು ಮರುಬಳಕೆ ಮಾಡುವುದೂ ಕಷ್ಟ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಗೋಡೆಯ ಸ್ಟಿಕ್ಕರ್ ಬ್ಯಾನರ್ ಅಲ್ಲ ನಿಜ, ಆದರೆ ಕಸದಬುಟ್ಟಿಗೆ ಬಿದ್ದ ಮೇಲೆ ಎರಡೂ ಅದೇ ಪ್ಲಾಸ್ಟಿಕ್.

ಹಾಗಾಗಿ ನಮ್ಮ ಸಲಹೆ ಇಷ್ಟೇ. ಲ್ಯಾಬಿನ ಹೆಸರು, ದಾರಿ ತೋರುವ ಬಾಣ, ಡಿಪಾರ್ಟ್‌ಮೆಂಟಿನ ಇತಿಹಾಸ, ಹೀಗೆ ವರ್ಷಗಟ್ಟಲೆ ಇರಬೇಕಾದ್ದಕ್ಕೆ ವಿನೈಲ್ ಬಳಸೋಣ, ಇಸವಿ ಹಾಕದೆ. ಎರಡು ದಿನದ ಹಬ್ಬಕ್ಕೆ ರಂಗೋಲಿ ಇದೆ, ಬಟ್ಟೆ ಇದೆ, ಕಾಗದ ಇದೆ. ಅವನ್ನು ಕೀಳೋಕೆ ಡ್ರೈಯರ್ ಬೇಕಿಲ್ಲ.